ಹಂಸಿ ದೀದಿಯ ಹಳದಿ ಬಟ್ಟೆ

ಕೊರಿಯರ್‌ನವನು ಕೊಟ್ಟು ಹೋದ ಪೊಟ್ಟಣ ಕೈಗೆ ಬಂದ ಕೂಡಲೇ ಅದು ಎಲ್ಲಿಂದ ಬಂತೆಂದು ಗೊತ್ತಾಯಿತು. ವಿಳಾಸ ಓದುವ ಅಗತ್ಯ ಬೀಳಲಿಲ್ಲ. ಹತ್ತಿ ಬಟ್ಟೆಗೆ ಅರಿಶಿನ ಹಿಡಿದು ಒಣಗಿದ ವಾಸನೆ, ಅದರ ಹಿಂದೆಯೇ ಸ್ವಲ್ಪ ನಿಂಬೆಹುಳಿ. ಇಲಕಲ್ಲಿನ ನಮ್ಮ ಓಣಿಯಲ್ಲಿ ನೂಲಿನ ಗಂಜಿ, ಬಣ್ಣದ ನೀರು, ಗ್ರಾನೈಟಿನ ಧೂಳು ಎಲ್ಲ ಸೇರಿ ಮೂಗು ಮೊಂಡಾಗಿರುತ್ತದೆ. ಆದರೂ ಈ ವಾಸನೆ ಮಾತ್ರ ನೇರ ಒಳಗೆ ಹೋಯಿತು.

ಕಾಗದದ ಮೇಲಿಂದಲೇ ಒತ್ತಿ ನೋಡಿದೆ. ಬಟ್ಟೆಯೇ. ಕಳಿಸಿದವರ ವಿಳಾಸದಲ್ಲಿ ಅಲ್ಮೋಡಾ ಜಿಲ್ಲೆ ಎಂದಿತ್ತು. ನಾನು ನೇಯ್ದ ಬಟ್ಟೆಯನ್ನು ಹಿಂದೆ ನಮ್ಮಲ್ಲಿ ಬಾಡಿಗೆಗಿದ್ದ ಹಂಸಿ ದೀದಿ ಇಷ್ಟು ವರ್ಷದ ಮೇಲೆ ವಾಪಸ್ ಕಳಿಸಿಬಿಟ್ಟಳು ಎಂದುಕೊಂಡೆ. ನನ್ನ ಕೈ ಮುಟ್ಟಿದ್ದರಿಂದಲೇ ಅವಳ ಮನೆಯಲ್ಲಿ ಸಾವಾಯಿತು ಎಂದು ನಮ್ಮ ಓಣಿ ಆಡಿಕೊಂಡಿತ್ತು. ಅವಳೂ ಹಾಗೇ ನಂಬಿದಳೋ ಇಲ್ಲವೋ, ಅದೊಂದು ನನಗೆ ಗೊತ್ತಾಗದೆ ಉಳಿದಿತ್ತು. ಪೊಟ್ಟಣವನ್ನು ಮಗ್ಗದ ಹಲಗೆಯ ಮೇಲಿಟ್ಟು ಚಹಾ ಮಾಡಿಕೊಳ್ಳಲು ಹೋದೆ. ಬಿಚ್ಚಲಿಲ್ಲ.

ದೀದಿ ನಮ್ಮಲ್ಲಿಗೆ ಬಂದದ್ದು ನಮ್ಮ ಮನೆಯವರು ತೀರಿಕೊಂಡ ವರ್ಷ. ಯುಗಾದಿಯಾಗಿ ಕೆಲವೇ ದಿನವಾಗಿತ್ತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಹಸಿರು ಸೀರೆ ನೇಯುತ್ತಿದ್ದವರು, ನಾನು ಚಹಾ ತರುವಷ್ಟರಲ್ಲಿ ಸೀರೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಜೊಂಪು ಹತ್ತಿರಬೇಕೆಂದು ಲೋಟವನ್ನು ಪಕ್ಕದಲ್ಲಿಟ್ಟು ಬಂದೆ. ಅದು ಜೊಂಪಾಗಿರಲಿಲ್ಲ.

ನಾನು ಅಳಲಿಲ್ಲ. ಗಟ್ಟಿಗಿತ್ತಿ ಎಂದು ಕೆಲವರು ಹೊಗಳಿದರು, ಕಲ್ಲೆದೆಯವಳು ಎಂದು ಕೆಲವರು ಬೈದರು. ಎರಡೂ ಅಲ್ಲ, ನನಗೆ ಏನೂ ಅನಿಸುತ್ತಲೇ ಇರಲಿಲ್ಲ. ಹೆಂಗಸರು ನನ್ನ ಕೊರಳಿಗೆ ಬಿದ್ದು ಅಳುವಾಗ ಅವರ ಸೀರೆಯ ದಡಿಯನ್ನು ಯಾವ ಊರಲ್ಲಿ ನೇಯ್ದಿರಬಹುದೆಂದು ನೋಡುತ್ತಿದ್ದೆ. ಊಟಕ್ಕೆ ರುಚಿ ಇರಲಿಲ್ಲ, ಹಸಿವೆಯೂ ಇರಲಿಲ್ಲ, ಯಾರೋ ತಾಟು ಮುಂದಿಟ್ಟರೆ ಉಣ್ಣುತ್ತಿದ್ದೆ. ಮಗಳು ಹುನಗುಂದಕ್ಕೆ, ತನ್ನ ಗಂಡನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಮಗ್ಗದ ಸಪ್ಪಳ ಇಲ್ಲದೆ ನಿದ್ದೆ ಬರಲಿಲ್ಲ. ಮಳೆಗಾಲಕ್ಕೆ ಮೊದಲೇ ವಾಪಸ್ ಬಂದೆ.

ಗೋಡೆಗೆ ಗೋಡೆ ಕೂಡಿದ ಪಕ್ಕದ ಮನೆಯಲ್ಲಿ ನನ್ನ ನೆಗೆಣ್ಣಿ ಗಂಗವ್ವ ಇರುತ್ತಾಳೆ, ನಮ್ಮ ಮನೆಯವರ ಅಣ್ಣನ ಹೆಂಡತಿ. ಕೆಟ್ಟವಳಲ್ಲ. ರೊಟ್ಟಿ ಬಡಿದರೆ ನನಗೂ ತರುವವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗುವವಳು. ಬಾಯಿಗೆ ಮಾತ್ರ ಅಗಳಿಯಿಲ್ಲ. ನನ್ನ ಹಣೆಯ ಕುಂಕುಮ ತೆಗೆಸಿದವಳೂ ಅವಳೇ. ನಮ್ಮದು ಬಸವಣ್ಣನನ್ನು ನಂಬಿದ ಮನೆ. ಕೊರಳಲ್ಲಿ ಲಿಂಗ ಇದ್ದವರಿಗೆ ಸೂತಕವಿಲ್ಲ ಎಂದು ಮಠದಲ್ಲಿ ಕೇಳಿ ತಲೆದೂಗುತ್ತೇವೆ. ಮನೆಗೆ ಬಂದ ಮೇಲೆ ಎಲ್ಲ ಸೂತಕವೂ ಇರುತ್ತದೆ. ಶುಭಕಾರ್ಯಕ್ಕೆ ನನ್ನನ್ನು ಕರೆಯುವುದು ನಿಂತಿತು. ಅದಕ್ಕೂ ನನಗೆ ಏನೂ ಅನಿಸಲಿಲ್ಲ.

ಮಗ್ಗದ ಮೇಲೆ ಆ ಹಸಿರು ಸೀರೆ ಅರ್ಧಕ್ಕೆ ನಿಂತಿತ್ತು. ನೂಲು ಕೊಟ್ಟ ಸಾವುಕಾರರು ಕೇಳಿಕಳಿಸಿದರು. ಇರಲಿ ಬಿಡ್ರಿ ಎಂದೆ. ಗಂಗವ್ವ ಕತ್ತರಿಸಿ ತೆಗೆಯಲೇನೆಂದು ಕೇಳಿದಳು. ಬ್ಯಾಡ ಎಂದೆ. ಮೇಲೊಂದು ಧೋತರ ಹೊದಿಸಿಟ್ಟೆ.

ಮೃಗಶಿರ ಮಳೆ ಹನಿಯುವ ಹೊತ್ತಿಗೆ ಮುಂದಿನ ಎರಡು ಕೋಣೆಗಳಿಗೆ ಬಾಡಿಗೆಯವರು ಬಂದರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಗ್ರಾನೈಟ್ ಫ್ಯಾಕ್ಟರಿಯೊಂದರಲ್ಲಿ ಕಾವಲಿನ ಉಸ್ತುವಾರಿಗೆ ಸೇರಿದ್ದರು. ಜೊತೆಯಲ್ಲಿ ಹೆಂಡತಿ ಹಂಸಿ. ಹೆಣ್ಣುಮಕ್ಕಳಿಬ್ಬರು ಊರಿನ ಕಡೆ ಕಾಕಾನ ಮನೆಯಲ್ಲಿದ್ದರು, ದೊಡ್ಡವಳಿಗೆ ಮದುವೆ ಗೊತ್ತಾಗಿತ್ತು. ಹಂಸಿಯನ್ನು ನಾನು ದೀದಿ ಎಂದೆ, ಅವಳು ನನ್ನನ್ನು ಅಕ್ಕಾ ಎಂದಳು. ಯಾರು ದೊಡ್ಡವರೆಂದು ಕೊನೆತನಕ ತೀರ್ಮಾನವಾಗಲಿಲ್ಲ. ಮೊದಮೊದಲು ನಮ್ಮ ಓಣಿಯ ಮುರುಕು ಹಿಂದಿಯಲ್ಲಿ ಮಾತು ನಡೆಯಿತು. ಆಮೇಲೆ ಅವಳು ಕನ್ನಡ ಕಲಿತಳು. ಗೌರವಕ್ಕೆ 'ರಿ' ಹಚ್ಚಬೇಕೆಂದು ಯಾರೋ ಹೇಳಿಕೊಟ್ಟಿದ್ದರು. ಅವಳು ಎಮ್ಮೆಗೂ ಸರೀರಿ ಅನ್ನುತ್ತಿದ್ದಳು.

ನಿಮ್ಮೂರು ಯಾವುದೆಂದು ಕೇಳಿದರೆ ಇಬ್ಬರೂ ಹಳ್ಳಿಯ ಹೆಸರು ಹೇಳುತ್ತಿರಲಿಲ್ಲ. ಕುಮಾವು ಅನ್ನುತ್ತಿದ್ದರು. ಅದು ಊರೇನು, ರಾಜ್ಯವೇನು ಎಂದು ಕೇಳಿದೆ. ಎರಡೂ ಅಲ್ಲ, ಉತ್ತರಾಖಂಡದಲ್ಲಿ ಆರು ಜಿಲ್ಲೆ ಸೇರಿದ ಒಂದು ವಿಭಾಗ, ನಿಮ್ಮ ಬೆಳಗಾವಿ ವಿಭಾಗ ಇದ್ದ ಹಾಗೆ ಎಂದು ಸುಬೇದಾರರು ವಿವರಿಸಿದರು. ನನಗೆ ಅದು ವಿಚಿತ್ರ ಅನಿಸಿತು. ಬಾಗಲಕೋಟೆಯೂ ಬೆಳಗಾವಿ ವಿಭಾಗದಲ್ಲೇ ಇದೆ. ಹಾಗೆಂದು ನಮ್ಮಲ್ಲಿ ಯಾರೂ ಎದೆ ತಟ್ಟಿ ಹೇಳಿಕೊಂಡದ್ದು ನಾನು ಕಂಡಿಲ್ಲ. ನಮಗೆ ವಿಭಾಗ ಅಂದರೆ ಸಾಹೇಬರ ಕಚೇರಿ. ಅವರಿಗೆ ಅದು ತಾಯಿ ಇದ್ದ ಹಾಗೆ. ಹಿಂದೆ ರಾಜರಿದ್ದರು, ಆಮೇಲೆ ಬ್ರಿಟಿಷರ ಕಮಿಷನರ್ ಬಂದ, ಈಗಲೂ ಕಮಿಷನರ್ ಇದ್ದಾನೆ. ಹಾಡು, ಹಬ್ಬ, ಮಾತು ಮಾತ್ರ ಯಾರು ಬಂದರೂ ಅವೇ ಉಳಿದವು ಎಂದು ಸುಬೇದಾರರು ಹೇಳುತ್ತಿದ್ದರು. ನಾನು ಹೂಂಗುಡುತ್ತಿದ್ದೆ. ಆ ವರ್ಷ ನನಗೆ ಬರುತ್ತಿದ್ದದ್ದು ಅದೊಂದೇ.

ಆಷಾಢದಲ್ಲಿ ದೀದಿ ಒಂದು ಬುಟ್ಟಿಗೆ ಮಣ್ಣು ತುಂಬಿ ಗೋಧಿ, ಜವೆ, ಮೆಕ್ಕೆಜೋಳ, ಇನ್ನೂ ಏನೇನೋ ಕಾಳು ಬಿತ್ತಿ ಕತ್ತಲೆ ಮೂಲೆಯಲ್ಲಿಟ್ಟಳು. ನಾವು ನವರಾತ್ರಿಯಲ್ಲಿ ಕಾಳು ಬಿತ್ತಿ ಘಟ್ಟ ಹಾಕಿದಂತೆಯೇ, ಬರೀ ತಿಂಗಳು ಬೇರೆ. ಹರೇಲಾ ಎಂದು ಅದರ ಹೆಸರು. ಹಬ್ಬದ ಬೆಳಿಗ್ಗೆ ತಿಳಿಹಳದಿ ಸಸಿಗಳನ್ನು ಕತ್ತರಿಸಿ ಗಂಡನ ತಲೆಯ ಮೇಲಿಟ್ಟು ಹರಸಿದಳು. ಆಮೇಲೆ ಹಿಂದಿನ ಬಾಗಿಲಿಂದ ನನ್ನಲ್ಲಿಗೆ ಬಂದು, ಪಾತ್ರೆ ತಿಕ್ಕುತ್ತ ಕೂತಿದ್ದ ನನ್ನ ತಲೆಯ ಮೇಲೂ ಒಂದು ಹಿಡಿ ಇಟ್ಟಳು. ಬದುಕಿರು, ಎಚ್ಚರವಾಗಿರು ಎಂಬ ಅರ್ಥದ ಮಾತು ಅವಳ ಭಾಷೆಯಲ್ಲಿ ಹೇಳಿದಳು. ಮನೆಯವರು ಹೋದ ಮೇಲೆ ನನ್ನನ್ನು ಹರಸಿದವರು ಅವಳೊಬ್ಬಳೇ. ಹಾಗೆಂದು ಈಗ ಹೊಳೆಯುತ್ತದೆ. ಆವತ್ತು ನಾನು ಸಸಿ ಬಿದ್ದುಹೋಗದ ಹಾಗೆ ತಲೆ ನೇರ ಹಿಡಿದು ಪಾತ್ರೆ ತಿಕ್ಕುವುದನ್ನು ಮುಂದುವರಿಸಿದೆ.

ದೀಪಾವಳಿಯ ಹೊತ್ತಿಗೆ ಸುಬೇದಾರರ ಕಾಲು ಬಾತವು. ಮುಖವೂ ಊದಿತು. ಬಾಗಲಕೋಟೆಯ ದವಾಖಾನೆಯಲ್ಲಿ ಎರಡೂ ಮೂತ್ರಪಿಂಡ ಸೋತಿವೆ ಎಂದರು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗಬೇಕಾಯಿತು. ದೊಡ್ಡ ಮಗಳ ಮದುವೆ ಮಾಘಮಾಸದಲ್ಲಿ ಊರಲ್ಲೇ ಎಂದು ಗೊತ್ತಾಗಿತ್ತು. ಅಷ್ಟು ದಿನದ ರೈಲುಪ್ರಯಾಣ ಇವರಿಗೆ ಸಾಧ್ಯವಿಲ್ಲವೆಂದು ಡಾಕ್ಟರು ಖಂಡಿತವಾಗಿ ಹೇಳಿದರು. ಗಂಡಿನ ಕಡೆಯವರು ದೊಡ್ಡ ಮನಸ್ಸಿನವರು, ಹಲ್ದ್ವಾನಿಯಿಂದ ತಾವೇ ಇಲಕಲ್ಲಿಗೆ ಬಂದು ಮದುವೆ ಮಾಡಿಕೊಂಡು ಹೋಗುತ್ತೇವೆಂದರು. ಸುಬೇದಾರರು ಮಾಘದ ತನಕ ಇರುತ್ತಾರೆಯೇ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಆವಾಗಲೇ ನಾನು ಪಿಛೌರಾ ಎಂಬ ಮಾತು ಮೊದಲ ಸಲ ಕೇಳಿದ್ದು. ಕುಮಾವಿನ ಮುತ್ತೈದೆಯರು ಮದುವೆ, ನಾಮಕರಣದಂಥ ಕಾರ್ಯಗಳಲ್ಲಿ ಸೀರೆಯ ಮೇಲೆ ಹೊದೆಯುವ ಮೇಲ್ವಸ್ತ್ರ ಅದು. ಬಿಳಿ ಬಟ್ಟೆಯನ್ನು ಅರಿಶಿನದಲ್ಲಿ ಅದ್ದಿ, ನಡುವೆ ಸ್ವಸ್ತಿಕ ಬರೆದು, ಅದರ ನಾಲ್ಕು ಮನೆಯಲ್ಲಿ ಸೂರ್ಯ, ಚಂದ್ರ, ಶಂಖ, ಗಂಟೆ ಬರೆದು, ಉಳಿದ ಜಾಗಕ್ಕೆಲ್ಲ ಕೆಂಪು ಚುಕ್ಕಿ ಹಾಕುತ್ತಾರೆ. ಈಗ ಅಲ್ಲಿಯೂ ಪೇಟೆಯಲ್ಲಿ ಅಚ್ಚು ಹಾಕಿದ್ದು ಸಿಗುತ್ತದಂತೆ. ದೀದಿಗೆ ಅದು ಒಪ್ಪಿಗೆಯಿಲ್ಲ, ಅವಳ ಮನೆತನದಲ್ಲಿ ಕೈಯಿಂದಲೇ ಮಾಡಬೇಕು. ಅವಳ ಸ್ವಂತದ್ದನ್ನು ನಮ್ಮ ಮನೆಯ ಗೆದ್ದಲು ಮಳೆಗಾಲದಲ್ಲಿ ತಿಂದುಹಾಕಿತ್ತು. ಮಗಳ ಮದುವೆಯಲ್ಲಿ ಅದನ್ನು ಹೊದ್ದು, ಗಂಡನ ಪಕ್ಕದಲ್ಲಿ ಕೂತು, ಇಬ್ಬರೂ ಕೂಡಿ ಧಾರೆ ಎರೆಯಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅವರು ಅಷ್ಟರಲ್ಲಿ ಹೋಗಿಬಿಟ್ಟರೆ ಪಿಛೌರಾ ಇದ್ದೂ ಅವಳು ಹೊದೆಯುವ ಹಾಗಿರಲಿಲ್ಲ.

ಬಟ್ಟೆ ತರಲು ನಾವಿಬ್ಬರೂ ಬಜಾರಕ್ಕೆ ಹೋದೆವು. ಹೋದಲ್ಲೆಲ್ಲ ಪಾಲಿಯೆಸ್ಟರ್, ಅದಕ್ಕೆ ಅರಿಶಿನ ಹಿಡಿಯುವುದಿಲ್ಲ. ಕೊನೆಗೆ ಒಂದು ಹಳೆಯ ಅಂಗಡಿಯಲ್ಲಿ ದೀದಿ ತನ್ನ ಹೊಸ ಕನ್ನಡದಲ್ಲಿ ಕೇಳಿದಳು: ಶುದ್ಧ ಹತ್ತಿಯದು, ಬಿಳಿಯದು, ದಡಿ ಇರಬಾರದು, ಹೊಸದು, ಬೇಗ ಬೇಕು. ಅಂಗಡಿಯವನು ಅವಳನ್ನು ನೋಡಿದ, ಬರಿಹಣೆಯ ನನ್ನನ್ನು ನೋಡಿದ. ಗದ್ದುಗೆಯಿಂದ ಎದ್ದು ನಿಂತ. ನಮ್ಮಲ್ಲಿ ದಡಿಯಿಲ್ಲದ ಬಿಳಿ ಬಟ್ಟೆಯನ್ನು ಹೆಂಗಸರು ಅವಸರದಲ್ಲಿ ಕೇಳಿಕೊಂಡು ಬರುವುದು ಒಂದೇ ಕಾರಣಕ್ಕೆ.

"ಸುಬೇದಾರ್ ಸಾಹೇಬ್ರು ಹ್ವಾದ್ರೇನ್ರಿ? ಭಾಳ ಛಲೋ ಮನಷ್ಯಾ ಇದ್ರು," ಎಂದ. ಬಟ್ಟೆ ಹರಿದು, ಮಡಚಿ, ಹೂವಿನ ಹಾರ ಬಾಜೂ ಅಂಗಡಿಯಲ್ಲಿ ಸಿಗುತ್ತವೆ ಎಂದೂ ಹೇಳಿದ. ಪಾಪ, ಅವನು ಕಳಕಳಿಯಿಂದಲೇ ಹೇಳಿದ್ದು.

ದೀದಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಬಟ್ಟೆಯನ್ನು ಮುಟ್ಟದೆ ಮೆಟ್ಟಿಲಿಳಿದಳು. ಮನೆಗೆ ಬಂದು ಸೀದಾ ನನ್ನ ಮಗ್ಗದ ಮುಂದೆ ನಿಂತು ಧೋತರ ಸರಿಸಿದಳು. ಹಾಗೆ ಮಾಡುವ ಧೈರ್ಯ ಅಲ್ಲಿಯ ತನಕ ಯಾರಿಗೂ ಬಂದಿರಲಿಲ್ಲ.

"ಅಕ್ಕಾ, ಬಟ್ಟಿ ನೀವ ನೇಯ್ರಿ," ಎಂದಳು.

ಮಗ್ಗ ಖಾಲಿಯಿಲ್ಲ ಎಂದೆ. ಹಾಗಾದರೆ ಖಾಲಿ ಮಾಡಿ ಎಂದಳು. ಕತ್ತರಿಸಬೇಡಿ, ನೇಯ್ದು ಮುಗಿಸಿ ಎಂದಳು. ಸೀರೆಯ ಮೇಲೆ ಬೆರಳಾಡಿಸುತ್ತ ಅವಳು ಬಹಳ ಹೊತ್ತು ಅಲ್ಲೇ ಕೂತಳು, ಆಮೇಲೆ ಗಂಡನಿಗೆ ಔಷಧ ಕೊಡಲು ಎದ್ದುಹೋದಳು.

ಮರುದಿನ ನಾನು ಕುಣಿಗೆ ಇಳಿದೆ. ನಮ್ಮಲ್ಲಿ ನೇಯ್ಗೆ ಬಾರದ ಹೆಂಗಸಿಲ್ಲ. ಆದರೆ ಆ ಮಗ್ಗ ಅವರ ಮೈಯಳತೆಗೆ ಕೂತಿತ್ತು, ನನ್ನ ಕಾಲು ಸರಿಯಾಗಿ ಎಟುಕುತ್ತಿರಲಿಲ್ಲ. ಹಲಗೆಯನ್ನು ಎಳೆದು ಬಡಿಯುವ ಅವರ ಏಟು ಬಿಗಿ, ನನ್ನದು ಸಡಿಲು. ಅವರು ನಿಲ್ಲಿಸಿದ ಎಳೆ ಎಲ್ಲಿ, ನಾನು ಸುರು ಮಾಡಿದ ಎಳೆ ಎಲ್ಲಿ ಎಂದು ಬಟ್ಟೆಯಲ್ಲಿ ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಅಳು ಬರಬಹುದೆಂದು ಕಾದೆ. ಬರಲಿಲ್ಲ. ಲಾಳಿ ಮಾತ್ರ ಅತ್ತಿಂದಿತ್ತ ಓಡಿತು. ಸೀರೆ ಮುಗಿಸಿ, ಸಾವುಕಾರರಿಗೆ ಕೊಡದೆ ಪೆಟ್ಟಿಗೆಯಲ್ಲಿಟ್ಟೆ. ಮುಗಿದ ಹಾಸಿನ ಉದ್ದೆಳೆಗಳ ತುದಿಗೆ ಬಿಳಿ ನೂಲಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿದೆ.

ಪುಷ್ಯದಲ್ಲಿ ನೇಯ್ಗೆ ನಡೆದಿತ್ತು. ಮುಂದಿನ ಕೋಣೆಯಿಂದ ಸುಬೇದಾರರ ಹಾಡು ಕೇಳುತ್ತಿತ್ತು. ಕುಮಾವಿನಲ್ಲಿ ಹೋಳಿ ಹಾಡು ಪುಷ್ಯಮಾಸದ ಮೊದಲ ರವಿವಾರವೇ ಸುರುವಾಗುತ್ತದಂತೆ. ಗಂಡಸರು ಮನೆಮನೆಯಲ್ಲಿ ಕೂತು ರಾಗವಾಗಿ ಹಾಡುತ್ತಾರೆ, ಬಣ್ಣ ಎರಚುವುದು ತಿಂಗಳುಗಟ್ಟಲೆ ಆಮೇಲೆ. ಓಣಿಯ ಗಂಡಸರಿಗೆ ತಮಾಷೆ, ಹೋಳಿ ಇನ್ನೂ ದೂರ ಐತ್ರೀ ಸಾಹೇಬ್ರ ಎಂದು ರೇಗಿಸುತ್ತಿದ್ದರು. ಬಾಗಲಕೋಟೆಯ ಹೋಳಿ ಕಂಡವರು ನಾವು. ಹಲಗಿ ಬಡಿತ, ಬಂಡಿಯ ಮೇಲೆ ಬಣ್ಣದ ಪೀಪಾಯಿ, ಮೈಮೇಲೆ ಬಿದ್ದರೆ ಉಸಿರು ಕಟ್ಟಬೇಕು. ಕೂತು ಹಾಡುವುದೂ ಒಂದು ಹೋಳಿಯೇ ಎಂದು ನಮಗೆ ನಗು. ಸುಬೇದಾರರೂ ನಗುತ್ತಿದ್ದರು. ಉಸಿರು ಸಾಲದೆ ಹಾಡನ್ನು ನಡುವೆ ನಿಲ್ಲಿಸಿ, ಅದು ಬಂದ ಮೇಲೆ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು.

ಸಂಕ್ರಮಣದ ದಿನ ದೀದಿ ಸಿಹಿ ಕರಿದು ಮಾಳಿಗೆ ಏರಿ ಕಾಗೆಗಳನ್ನು ಕರೆದಳು. ಅದೂ ಅವರ ಪದ್ಧತಿ. ನಮ್ಮಲ್ಲಿ ಕಾಗೆ ಕರೆಯುವುದು ಸತ್ತವರಿಗೆ. ಯಾರ ಕಾರ್ಯವೆಂದು ಕೆಳಗಿಂದ ಯಾರೋ ಕೂಗಿ ಕೇಳಿದರು. ಅವಳು ಏನು ಮಾಡಹೋದರೂ ಈ ಊರು ಅದರಲ್ಲಿ ಸಾವನ್ನೇ ಕಾಣುತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಬನಶಂಕರಿಗೆ ಹೋಗೋಣವೆಂದಳು. ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಕೊಡಿಸಿದೆ. ಅಲ್ಮೋಡಾದ ಬಾಲ್ ಮಿಠಾಯಿ ಇದಕ್ಕಿಂತ ಮೆತ್ತಗೆಂದು ವಾದಿಸಿದಳು, ಪೂರ್ತಿ ತಿಂದಳು. ಬಾದಾಮಿ ದಾಟಿ ಗುಡಿ ತಲುಪಿದೆವು. ಹೊಂಡದ ಪಕ್ಕ ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಖಾರ, ಮೊಸರು ಇಟ್ಟುಕೊಂಡು ಹೆಂಗಸರು ಕರೆಯುತ್ತಿದ್ದರು. ಒಳಗೆ ದೇವಿಯ ಮುಂದೆ ದೀದಿ ಕಣ್ಣುಮುಚ್ಚಿ, ಕನ್ನಡದಲ್ಲಿಯೇ ಬೇಡಿಕೊಂಡಳು. ಈ ದೇವಿಗೆ ಕುಮಾವಿನ ಮಾತು ಬರುವುದಿಲ್ಲವೆಂದು ಅವಳ ಎಣಿಕೆ.

"ಮಾಘದ ತನಕ ಇಡವ್ವಾ. ಅಷ್ಟ ಸಾಕು," ಎಂದಳು.

ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಏನೂ ಬೇಡಿಕೊಳ್ಳಲಿಲ್ಲ.

ಬಟ್ಟೆ ಮಗ್ಗದಿಂದ ಇಳಿಯಿತು. ದೀದಿ ಅರಿಶಿನದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದಳು. ಅರಿಶಿನಪುಡಿಗೆ ನಿಂಬೆರಸ, ಬಿಳಿಗಾರ ಹಾಕಿ ತಾಮ್ರದ ತಂಬಿಗೆಯಲ್ಲಿ ರಾತ್ರಿಯೆಲ್ಲ ಇಟ್ಟಳು. ಬೆಳಿಗ್ಗೆ ಅದು ಕೆಂಪಾಗಿತ್ತು. ನೋಡಿದರೆ ನಮ್ಮ ಕುಂಕುಮ ಮಾಡುವ ರೀತಿಯೇ. ಅದು ಬರೀ ಬಣ್ಣವಲ್ಲ, ಕುಂಕುಮವೇ ಎಂದು ಓಣಿಗೆಲ್ಲ ತಿಳಿಯಿತು.

ಚುಕ್ಕಿ ಹಾಕಲು ಮುತ್ತೈದೆಯರನ್ನು ಕರೆದಿದ್ದಳು. ಗಂಗವ್ವನೂ ಇನ್ನಿಬ್ಬರೂ ಬಂದರು. ನಾಣ್ಯಕ್ಕೆ ಬಟ್ಟೆ ಸುತ್ತಿ, ಕೆಂಪಿನಲ್ಲಿ ಅದ್ದಿ, ಸಾಲಾಗಿ ಒತ್ತಬೇಕು. ಅವರು ಸ್ವಲ್ಪ ಹೊತ್ತು ಒತ್ತಿ, ರೊಟ್ಟಿಗೆ ಹೊತ್ತಾಯಿತೆಂದು ಎದ್ದುಹೋದರು. ಸಾಲುಗಳು ಎಮ್ಮೆ ಹೋದ ದಾರಿಯಾಗಿದ್ದವು. ನಡುವಿನ ಸ್ವಸ್ತಿಕವನ್ನು ದೀದಿಯೇ ಬರೆದಿದ್ದಳು, ಆದರೆ ದವಾಖಾನೆಯ ಓಡಾಟದಲ್ಲಿ ನಿದ್ದೆಗೆಟ್ಟು ಅವಳ ಕೈ ನಡುಗುತ್ತಿತ್ತು. ಬಾಗಿಲ ಹೊರಗೆ ಕೂತು ನೋಡುತ್ತಿದ್ದ ನನ್ನ ಕಡೆ ನಾಣ್ಯ ಚಾಚಿದಳು.

"ಕುಂಕುಮ ಅದು ದೀದಿ. ನಾ ಮುಟ್ಟಬಾರ್ದು," ಎಂದೆ.

ಅವಳು ಹಿಂಜರಿದಳು. ಅವಳಿಗೂ ಅಳುಕಿತ್ತು, ಸುಳ್ಳು ಹೇಳುವುದಿಲ್ಲ. ಅವಳ ಅತ್ತೆಯಿದ್ದಿದ್ದರೆ ನನ್ನನ್ನು ಆ ಬಾಗಿಲ ತನಕವೂ ಬಿಡುತ್ತಿರಲಿಲ್ಲವೇನೋ. ಮಂಚದ ಮೇಲೆ ಮಲಗಿದ್ದ ಗಂಡನ ಮುಖ ನೋಡಿದಳು. ಫೌಜಿನಲ್ಲಿ ಯಾರ ಕೈ ಖಾಲಿ ಇರುತ್ತದೋ ಅವರೇ ಕೆಲಸಕ್ಕೆ ಹತ್ತಬೇಕು ಎಂದು ಸುಬೇದಾರರು ಹಿಂದಿಯಲ್ಲಿ ಹೇಳಿದರು. ಹೇಳಿ ಗೋಡೆಯ ಕಡೆ ಹೊರಳಿದರು.

"ನೂಲು ನಿಮ್ದು, ನೇಯ್ದವ್ರು ನೀವು. ಕೆಂಪಿಗೆ ಬ್ಯಾರೆ ಕೈ ನಾ ಎಲ್ಲಿಂದ ತರ್ಲಿರಿ ಅಕ್ಕಾ," ಎಂದಳು ದೀದಿ.

ನಾನು ಒಳಗೆ ಹೋಗಿ ಕೂತೆ. ನೇಕಾರರ ಕಣ್ಣಿಗೆ ಎಳೆಯೇ ಗೆರೆ. ಎಳೆ ಹಿಡಿದು ಚುಕ್ಕಿ ಒತ್ತುತ್ತ ಹೋದೆ, ಸಾಲು ನೆಟ್ಟಗೆ ಬಂತು. ಬೆರಳೆಲ್ಲ ಕೆಂಪಾಯಿತು. ಸಂಜೆ ಕೈ ತೊಳೆದರೂ ಉಗುರ ಸಂದಿಯಲ್ಲಿ ಉಳಿಯಿತು. ಗಂಗವ್ವ ರೊಟ್ಟಿ ತಂದುಕೊಟ್ಟಾಗ ನನ್ನ ಬೆರಳು ನೋಡಿದಳು, ಮಾತಾಡಲಿಲ್ಲ. ಅವಳು ಮಾತಾಡದೆ ಹೋದದ್ದನ್ನು ನಾನು ಅದೇ ಮೊದಲು ಕಂಡದ್ದು.

ಮಾಘದಲ್ಲಿ ಮದುವೆಯಾಯಿತು. ಹಲ್ದ್ವಾನಿಯವರು ನಮ್ಮ ಚಳಿಗಾಲದಲ್ಲೇ ಬೆವರಿ ನೀರಾದರು. ಮಂಟಪದ ಬಾಗಿಲಲ್ಲಿ ದೀದಿ ಕೆಮ್ಮಣ್ಣು ಸಾರಿಸಿ ಅಕ್ಕಿಹಿಟ್ಟಿನ ನೀರಿನಿಂದ ಬೆರಳಲ್ಲೇ ಐಪಣ್ ಎಂಬ ಚಿತ್ತಾರ ಬರೆದಳು, ರಂಗೋಲಿಪುಡಿ ಉದುರಿಸುವ ನಮ್ಮ ಹೆಂಗಸರು ಸುತ್ತ ನಿಂತು ನೋಡಿದರು. ಸುಬೇದಾರರನ್ನು ಕುರ್ಚಿಯಲ್ಲಿ ಹೊತ್ತು ತಂದು ಕೂಡಿಸಿದರು. ಪಕ್ಕದಲ್ಲಿ ದೀದಿ ಹಳದಿ ಪಿಛೌರಾ ಹೊದ್ದು ಕೂತಳು. ಇಬ್ಬರೂ ಕೂಡಿ ಧಾರೆ ಎರೆದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಅಷ್ಟು ದೂರದಿಂದಲೂ ನನ್ನ ಚುಕ್ಕಿಯ ಸಾಲು ಯಾವವು, ಗಂಗವ್ವನವು ಯಾವವು ಎಂದು ಗೊತ್ತಾಗುತ್ತಿತ್ತು. ಧಾರೆ ಮುಗಿದ ಮೇಲೆ ದೀದಿ ಪಿಛೌರಾವನ್ನು ಮಗಳಿಗೆ ಹೊದಿಸಿ ಕಳಿಸಿದಳು.

ಹೋಳಿಯ ದಿನ ಡಯಾಲಿಸಿಸ್ ಮುಗಿಸಿ ಬರುವಾಗ ಬಾಗಲಕೋಟೆಯಲ್ಲಿ ಬಣ್ಣದ ಬಂಡಿಗಳು ದಾರಿ ಕಟ್ಟಿದ್ದವು. ಹುಡುಗರು ಗಾಡಿ ನಿಲ್ಲಿಸಿ ಪೀಪಾಯಿಗೆ ಕೈ ಹಾಕಿದವರು, ಒಳಗೆ ಮಲಗಿದ್ದವರನ್ನು ನೋಡಿ ಹಿಂಜರಿದರಂತೆ. ಸುಬೇದಾರರು ತಾವೇ ಹಣೆ ಮುಂದೆ ಮಾಡಿದರು. ಒಬ್ಬ ಬೆರಳಲ್ಲಿ ಗುಲಾಲು ಹಚ್ಚಿ, ಹಲಗಿ ನಿಲ್ಲಿಸಿ ದಾರಿ ಬಿಟ್ಟ. ಆ ಕೆಂಪು ಹಣೆಯಲ್ಲೇ ಮನೆಗೆ ಬಂದರು. ಮುಂದಿನ ಸಲ ದವಾಖಾನೆಗೆ ಹೋದವರು ತಿರುಗಿ ಬರಲಿಲ್ಲ.

ಮೂರನೆಯ ದಿನ ನಳದ ಹತ್ತಿರ ಗಂಗವ್ವ ನಾಲ್ಕು ಜನರ ಮುಂದೆ ಆಡಿದಳು: "ಗಂಡ ಸತ್ತಾಕಿ ಕೈಲೆ ಕುಂಕುಮದ ಬಟ್ಟಿ ಮಾಡ್ಸಿದ್ರ ಮತ್ತೇನಾಗ್ತೈತಿ?" ಕಿಟಕಿಯೊಳಗೆ ದೀದಿ ಕೂತಿದ್ದಳು. ಕೊಡ ಹಿಡಿದು ನಾನೂ ಅಲ್ಲೇ ನಿಂತಿದ್ದೆ. ದೀದಿ ಆ ಮಾತು ತಿಳಿಯುವಷ್ಟು ಕನ್ನಡ ಕಲಿತಿದ್ದಳು. ಅವಳು ಎದ್ದು ಕಿಟಕಿ ಮುಚ್ಚಿದಳು.

ಯುಗಾದಿ ಕಳೆದು ಊರಿಗೆ ಹೊರಟಳು. ಹಣೆ ಬರಿದಾಗಿತ್ತು, ನನ್ನ ಹಾಗೆ. ಗಾಡಿ ಹತ್ತುವ ಮೊದಲು ನನ್ನ ಬಾಗಿಲಿಗೆ ಬಂದು ನಿಂತಳು. ಬರ್ತೇನ್ರಿ ಅಕ್ಕಾ ಎಂದಳು. ಇನ್ನೂ ಏನೋ ಹೇಳುತ್ತಾಳೆಂದು ಕಾದೆ. ಅವಳ ಕಣ್ಣು ನೆಲ ನೋಡುತ್ತಿತ್ತು. ನಾನೂ ಕೇಳಲಿಲ್ಲ. ಆಮೇಲೆ ಒಂದೆರಡು ವರ್ಷ ಹಬ್ಬಕ್ಕೆ ಅವಳ ಮಗಳ ಫೋನು ಬರುತ್ತಿತ್ತು, ಅವಳದು ಬರಲಿಲ್ಲ. ನಾನು ಬಾಡಿಗೆಗೆ ಬೇರೆಯವರನ್ನಿಟ್ಟೆ, ಸೀರೆ ನೇಯ್ದೆ, ಮೊಮ್ಮಗಳನ್ನು ಆಡಿಸಿದೆ. ಅಳು ಮಾತ್ರ ಎಲ್ಲಿ ಹೋಯಿತೋ, ತಿರುಗಿ ಬರಲೇ ಇಲ್ಲ.

ಚಹಾ ಕುಡಿದು ಲೋಟ ತೊಳೆದಿಟ್ಟು ಪೊಟ್ಟಣ ಬಿಚ್ಚಿದೆ.

ನಾನೆಣಿಸಿದಂತೆ ಮಗಳಿಂದ ವಾಪಸ್ ಪಡೆದ ಹಳೆಯ ಬಟ್ಟೆಯಲ್ಲ. ಹೊಸದು. ನಡುವೆ ಸ್ವಸ್ತಿಕ, ಸೂರ್ಯ, ಚಂದ್ರ, ಶಂಖ, ಗಂಟೆ. ಒಂದು ಬದಿಯಲ್ಲಿ ಪೂರ್ತಿ ಕೆಂಪು ಚುಕ್ಕಿ, ಸ್ವಲ್ಪ ವಾರೆಯಾದ ಸಾಲುಗಳು. ಇನ್ನೊಂದು ಬದಿ ಬರೀ ಹಳದಿ, ಒಂದು ಚುಕ್ಕಿಯೂ ಇಲ್ಲ. ಮಡಿಕೆಯೊಳಗೆ ಬಟ್ಟೆ ಸುತ್ತಿದ ಒಂದು ನಾಣ್ಯವಿತ್ತು.

ದೀದಿಯ ಮಗಳ ಹಳೆಯ ನಂಬರಿಗೆ ಫೋನ್ ಹಚ್ಚಿದೆ. ದೀದಿಯೇ ಎತ್ತಿದಳು. ಸಣ್ಣ ಮಗಳ ಮದುವೆ, ಇದು ಅವಳಿಗೆ ಎಂದಳು. ಅವಳ ಕನ್ನಡ ಅರ್ಧ ಮರೆತುಹೋಗಿತ್ತು, 'ರಿ' ಮಾತ್ರ ಉಳಿದಿತ್ತು. ಚುಕ್ಕಿ ಹಾಕಿದವರು ಯಾರೆಂದು ಕೇಳಿದೆ.

"ನಾನಽ ರಿ. ಮನ್ಯಾಗ ಎಲ್ಲಾರೂ ಬ್ಯಾಡ ಅಂದ್ರು. ಅರ್ಧಾ ನಾ ಹಾಕೇನಿ. ಇನ್ನರ್ಧಾ ನಿಮ್ದು."

ನಾನು ಕೇಳದೆ ಬಿಟ್ಟಿದ್ದ ಮಾತು ಆಗ ಬಾಯಿಗೆ ಬಂತು. ನಳದ ಹತ್ತಿರ ಆಡಿದ್ದನ್ನು ನೀವು ಕೇಳಿರಲಿಲ್ಲವೇ ಎಂದೆ. ಕೇಳಿದ್ದೆ ಎಂದಳು.

"ನಿಮ್ಮ ಕೈ ಅಲ್ಲರಿ ಅಕ್ಕಾ. ನಾ ದೇವಿಗೆ ಮಾಘದ ತನಕ ಅಂತ ಕೇಳಿದ್ದೆ. ಆಕಿ ಕೊಟ್ಲು. ನಾ ಯಾಕ ಅಷ್ಟ ಕೇಳಿದೆ? ನೀವು ಬಾಜೂಕ ಇದ್ರಿ, ಕೇಳ್ಸಿಕೊಂಡಿದ್ರಿ. ಅದಕ್ಕಽ ನಿಮ್ಮ ಮುಖಾ ನೋಡಾಕ ಆಗ್ಲಿಲ್ಲ."

ನಾನು ಅವಳನ್ನು ಸಮಾಧಾನ ಮಾಡಬೇಕಿತ್ತು. ಫೋನ್ ಕಿವಿಗೆ ಹಿಡಿದೇ ಅತ್ತೆ. ಮೊದಲು ಅವಳಿಗಾಗಿ, ಆಮೇಲೆ ಸುಬೇದಾರರ ನಿಂತು ನಿಂತು ಬರುತ್ತಿದ್ದ ಹಾಡಿಗಾಗಿ, ಆಮೇಲೆ ನಮ್ಮ ಮನೆಯವರಿಗಾಗಿ, ಪಕ್ಕದಲ್ಲಿಟ್ಟು ಬಂದ ಆ ಚಹಾದ ಲೋಟಕ್ಕಾಗಿ. ದುಃಖ ಇಷ್ಟು ಬಿಸಿಯಾಗಿರುತ್ತದೆಂದು ಮರೆತೇಹೋಗಿತ್ತು. ಅವಳು ಆ ಕಡೆ ಫೋನ್ ಇಡದೆ ಕಾದಳು.

ರಾತ್ರಿ ನಾನು ಕಲಸಿಟ್ಟ ಬಣ್ಣ ಮರುದಿನ ಬೆಳಿಗ್ಗೆ ತಾಮ್ರದ ತಂಬಿಗೆಯಲ್ಲಿ ಕೆಂಪಾಗಿತ್ತು. ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು, ಪಿಛೌರಾದ ಜೊತೆಗೆ ಕಳಿಸಲೆಂದು ಬಿಸಿಲಿಗಿಟ್ಟೆ. ರೊಟ್ಟಿ ತಂದ ಗಂಗವ್ವ ಹೊಸ್ತಿಲಲ್ಲೇ ನಿಂತಳು. ಹಳದಿ ಬಟ್ಟೆ ನೋಡಿದಳು, ನನ್ನ ಊದಿದ ಕಣ್ಣು ನೋಡಿದಳು. ಅರ್ಧ ಚುಕ್ಕಿ ಯಾರು ಹಾಕಿದ್ದೆಂದು ಕೇಳಿದಳು, ಹೇಳಿದೆ. ಬುಟ್ಟಿ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ಬಟ್ಟೆಯ ಇನ್ನೊಂದು ತುದಿ ಹಿಡಿದು ಕೂತಳು.

"ಎಲ್ಲಿಂದ ಸುರು ಮಾಡ್ತಿ?" ಎಂದಳು.

ದೀದಿ ಬಿಟ್ಟಲ್ಲಿಂದ ಎಂದೆ.